ಗಿಟಾರು ಮುರಿಯುವ ಕ್ರಮ

ರಾಕ್ ಸಂಗೀತ ಸತ್ತಿತು ಎಂದು ಯಾರೇ ಬರೆಯಲಿ, ಲೇಖನದ ನೆತ್ತಿಯ ಮೇಲೆ ಮುರಿದ ಗಿಟಾರಿನ ಚಿತ್ರ ಇರಲೇಬೇಕು. ಸಾವಿನ ಸುದ್ದಿಗೆ ನನ್ನ ತಕರಾರಿಲ್ಲ. ಅಮೆರಿಕದಲ್ಲಿ ಹಿಪ್‌ಹಾಪ್ ಮತ್ತು ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಸೇರಿ ರಾಕ್ ಅನ್ನು ಹಿಂದಿಕ್ಕಿದ್ದು 2017ರಲ್ಲಿ. ಲೆಕ್ಕ, ಸಂಗೀತದ ಮಾರಾಟ ಮತ್ತು ಕೇಳುವಿಕೆಯನ್ನು ಅಳೆಯುವ ನೀಲ್ಸನ್ ಕಂಪನಿಯದು. ಮರುವರ್ಷ ಗಿಟಾರು ತಯಾರಿಸುವ ಗಿಬ್ಸನ್ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದನ್ನು ಮುಳುಗಿಸಿದ್ದು ಗಿಟಾರಿಗಿಂತ ಹೆಚ್ಚಾಗಿ ಸಾಲ ಮಾಡಿ ಕೊಂಡ ಎಲೆಕ್ಟ್ರಾನಿಕ್ಸ್ ವ್ಯವಹಾರ. ಚರಮಗೀತೆ ಬರೆಯುವವರಿಗೆ ಅಷ್ಟು ವ್ಯವಧಾನ ಎಲ್ಲಿಯದು? ಅದೂ ಹೋಗಲಿ. ನನ್ನ ಸಿಟ್ಟೆಲ್ಲ ಆ ಚಿತ್ರದ ಮೇಲೆ. ಅದರಲ್ಲಿ ನೆಕ್ಕು, ಅಂದರೆ ಗಿಟಾರಿನ ಕತ್ತು, ನಟ್ಟನಡುವೆ, ಏಳನೇ ಫ್ರೆಟ್ಟಿನ (ಅಡ್ಡ ಲೋಹದ ಪಟ್ಟಿಯ) ಬಳಿ, ನೀಟಾಗಿ ಎರಡು ತುಂಡಾಗಿರುತ್ತದೆ. ಗಿಟಾರು ಅಲ್ಲಿ ಮುರಿಯುವುದಿಲ್ಲ ಸ್ವಾಮಿ! ಅಲ್ಲಿ ಮರದೊಳಗೆ ಉದ್ದಕ್ಕೂ ಉಕ್ಕಿನ ಸರಳಿದೆ.

ಗಿಬ್ಸನ್ನಿನ ಲೆಸ್ ಪಾಲ್ ಮಾದರಿಯ ಗಿಟಾರು ಮುರಿಯುವುದು ನಟ್ಟಿನ (ನೆಕ್ಕಿನ ತುದಿಯಲ್ಲಿ ತಂತಿಗಳು ಕೂರುವ ಸಣ್ಣ ಪಟ್ಟಿಯ) ಹಿಂದೆ, ಬಿರಡೆಗಳಿರುವ ಹೆಡ್‌ಸ್ಟಾಕ್ ಶುರುವಾಗುವ ಜಾಗದಲ್ಲಿ. ಆ ತಲೆ ಸುಮಾರು 17 ಡಿಗ್ರಿ ಹಿಂದಕ್ಕೆ ಬಾಗಿದೆ. ನೆಕ್ಕು ಒಂದೇ ಮಹಾಗನಿ ತುಂಡಿನಿಂದ ಕಡೆದದ್ದು. ಮರದ ಎಳೆ ನೇರ ಹೋಗುತ್ತದೆ, ಆಕಾರ ಮಾತ್ರ ಬಾಗುತ್ತದೆ. ಹಾಗಾಗಿ ಬಾಗಿದಲ್ಲಿ ಎಳೆಗಳು ಗಿಡ್ಡವಾಗಿ ತುಂಡಾಗುತ್ತವೆ. ಸಾಲದ್ದಕ್ಕೆ ಸರಳನ್ನು ತಿರುಗಿಸುವ ಗುಳಿಯನ್ನೂ ಅಲ್ಲೇ ಕೊರೆದಿದ್ದಾರೆ. ಆರು ತಂತಿಗಳ ಒಟ್ಟು ಎಳೆತ ಹತ್ತಿರಹತ್ತಿರ 45 ಕಿಲೋ. ಸ್ಟ್ಯಾಂಡಿನಿಂದ ಹಿಮ್ಮುಖವಾಗಿ ಒಮ್ಮೆ ಬಿದ್ದರೆ ಸಾಕು, ಆವೇಶ ಬೇಕಿಲ್ಲ. ಫೆಂಡರ್ ಸ್ಟ್ರಾಟೊಕಾಸ್ಟರಿನ ಕಥೆ ಬೇರೆ. ಅದರ ತಲೆ ನೆಕ್ಕಿಗೆ ಸಮಾನಾಂತರ, ಮರ ಗಟ್ಟಿ ಮೇಪಲ್, ನೆಕ್ಕು ಕೂತಿರುವುದು ನಾಲ್ಕು ಸ್ಕ್ರೂಗಳ ಮೇಲೆ. ಅದನ್ನು ಮುರಿಯಲು ಹೊರಟವನ ಭುಜ ಮೊದಲು ಸೋಲುತ್ತದೆ.

ವೇದಿಕೆಯ ಮೇಲೆ ಗಿಟಾರು ಒಡೆಯುವ ಪದ್ಧತಿಯ ಹುಟ್ಟೂ ಹೆಡ್‌ಸ್ಟಾಕಿನಲ್ಲೇ. 1964ರಲ್ಲಿ ಲಂಡನ್ನಿನ ಹ್ಯಾರೋದಲ್ಲಿ 'ದಿ ಹೂ' ತಂಡದ ಪೀಟ್ ಟೌನ್‌ಶೆಂಡ್ ಕೈಲಿದ್ದ ರಿಕನ್‌ಬ್ಯಾಕರ್ ಗಿಟಾರು ತಗ್ಗು ಚಾವಣಿಗೆ ತಗುಲಿ ತಲೆ ಮುರಿದುಕೊಂಡಿತು. ನೋಡುತ್ತಿದ್ದವರಲ್ಲಿ ಕೆಲವರು ಕಿಸಕ್ಕೆಂದರು. ಆತ ಬೇಕೆಂದೇ ಮಾಡಿದವನಂತೆ ಉಳಿದದ್ದನ್ನೂ ಪುಡಿಗಟ್ಟಿದ. 1979ರಲ್ಲಿ 'ದಿ ಕ್ಲ್ಯಾಷ್' ತಂಡದ ಪಾಲ್ ಸಿಮೊನಾನ್ ನ್ಯೂಯಾರ್ಕಿನ ವೇದಿಕೆಯಲ್ಲಿ ಬೇಸ್ ಗಿಟಾರನ್ನು ನೆಲಕ್ಕೆ ಅಪ್ಪಳಿಸಿದ ಫೋಟೋ ಕೊಂಚ ಮಸುಕು. ತೆಗೆದ ಪೆನ್ನಿ ಸ್ಮಿತ್‌ಗೇ ಅದು ಅಷ್ಟಕ್ಕಷ್ಟೆ. ಆದರೂ ತೋಳಿನ ಬೀಸು ನೋಡಿ, ಅದು ಕ್ರಮ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೀವಿಯಲ್ಲಿ ಗಾಯಕಿ ಫೀಬಿ ಬ್ರಿಡ್ಜರ್ಸ್ ಅದೇ ಕೆಲಸಕ್ಕೆ ಕೈಹಾಕಿದರು. ಗಿಟಾರು ಡ್ಯಾನೆಲೆಕ್ಟ್ರೊ, ಹಾರ್ಡ್‌ಬೋರ್ಡ್ ಹೊದಿಕೆಯ ಹಗುರ ಒಡಲು. ಎಷ್ಟು ಬಡಿದರೂ ಮುರಿಯಲಿಲ್ಲ. ಹಗುರವಾದದ್ದಕ್ಕೆ ಹೊಡೆತದಲ್ಲಿ ತನ್ನ ತೂಕ ಕೂಡುವುದಿಲ್ಲವಲ್ಲ! ಮರುದಿನ ಜನ ಕಿತ್ತಾಡಿದ್ದು ಒಡೆಯುವುದು ಸರಿಯೋ ತಪ್ಪೋ ಎಂದು. ಎಲ್ಲಿಗೆ ಹೊಡೆಯಬೇಕಿತ್ತು ಎಂದು ಕೇಳುವವರೇ ಇರಲಿಲ್ಲ. ರಾಕ್ ಇಳಿದಿದೆ ಎನ್ನುವುದಕ್ಕೆ ನನಗಂತೂ ಬೇರೆ ಪುರಾವೆ ಬೇಡ.

ಕಾರಣ ಕೇಳುವವರಿಗೆ ಕಾರಣಗಳೂ ಇವೆ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಹಾಡು ಲೆಕ್ಕಕ್ಕೆ ಬರುತ್ತದೆ; ಅಷ್ಟರಲ್ಲಿ ನಮ್ಮ ಬ್ಯಾಂಡಿನವರು ಪೀಠಿಕೆಯನ್ನೇ ಮುಗಿಸಿರುವುದಿಲ್ಲ. ಒಬ್ಬ ಹುಡುಗ ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಮಾಡುವುದಕ್ಕೆ ಇಲ್ಲಿ ನಾಲ್ಕು ಜನ, ಒಂದು ಕೋಣೆ, ಒಂದು ಡ್ರಮ್ ಸೆಟ್ಟು, ತಾಳ್ಮೆಯ ನೆರೆಹೊರೆ ಬೇಕು. ಆಂಪ್ಲಿಫೈಯರನ್ನು 100 ವಾಟಿನಿಂದ 50ಕ್ಕೆ ಇಳಿಸಿದರೆ ನೆರೆಯವರಿಗೆ ಸಿಗುವ ನೆಮ್ಮದಿ ಬರೀ 3 ಡೆಸಿಬೆಲ್. ಕಿವಿಗೆ ಸದ್ದು ಅರ್ಧವಾಗಬೇಕಾದರೆ 10 ವಾಟಿಗೆ ಬರಬೇಕು. ನಾಲ್ವರಲ್ಲಿ ಇದಕ್ಕೆ ಒಪ್ಪುವ ಗಿಟಾರಿಸ್ಟ್ ಇದ್ದರೆ ತೋರಿಸಿ.

ವಿಚಿತ್ರವೆಂದರೆ, ವಾದ್ಯ ಮಾತ್ರ ಸತ್ತಿಲ್ಲ. 2020ರಲ್ಲಿ ಫೆಂಡರ್ ಅಲ್ಲಿಯವರೆಗಿನ ತನ್ನ ಇತಿಹಾಸದಲ್ಲೇ ಅತಿ ಹೆಚ್ಚು ಮಾರಾಟ ಮಾಡಿತು. ಇದರ ಅರ್ಥವೇನೆಂದು ಹೇಳಬೇಕೆಂದಿದ್ದೆ. ಆದರೆ ಮನೆಮನೆಯಲ್ಲಿ ಅಷ್ಟೊಂದು ಗಿಟಾರು ಇವೆಯೆಂದರೆ ಕೆಲವಾದರೂ ಸ್ಟ್ಯಾಂಡಿನಿಂದ ಬೀಳುತ್ತವೆ, ಅದು ಹೆಚ್ಚು ತುರ್ತಿನದು. ಬಿದ್ದ ಕೂಡಲೇ ತಂತಿ ಸಡಿಲಿಸಿ, ಬಿರುಕು ಹಿಗ್ಗುವುದು ನಿಲ್ಲುತ್ತದೆ. ಸಿಬಿರುಗಳನ್ನು ಕೀಳಬೇಡಿ, ಉಜ್ಜಬೇಡಿ. ಅವು ಒಂದಕ್ಕೊಂದು ಕೂರುವುದೇ ಬೆಸುಗೆಯ ಬಲ. ತೆಳು ಅಲಗಿನಿಂದ ಮರದ ಗೋಂದನ್ನು ಬಿರುಕಿನ ಆಳಕ್ಕೆ ತಳ್ಳಿ, ಎರಡೂ ಕಡೆ ಮರದ ತುಂಡು ಕೊಟ್ಟು ಕ್ಲ್ಯಾಂಪ್ ಬಿಗಿದು, ಹೊರಗೆ ಉಕ್ಕಿದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, 24 ಗಂಟೆ ಮುಟ್ಟದೆ ಬಿಡಿ. ಮತ್ತೆ, ಕೈಯಲ್ಲಿರುವ ಆ ಸೂಪರ್ ಗ್ಲೂ ಟ್ಯೂಬನ್ನು ದಯವಿಟ್ಟು ಡ್ರಾಯರಿಗೆ ವಾಪಸ್ ಹಾಕಿ.