ಬಿಸಿಲಿಗೂ ಸೌರ ಬಿರುಗಾಳಿಗೂ ಗಂಟು ಹಾಕಬೇಡಿ

2024ರ ಮೇ 10ರಂದು ಭೂಮಿಗೆ ಪ್ರಬಲ ಸೌರ ಬಿರುಗಾಳಿ ಅಪ್ಪಳಿಸಿದ ಸುದ್ದಿ ಹಬ್ಬಿದಾಗ ಕಲಬುರಗಿಯ ನಮ್ಮ ಓಣಿಯ ಹಿರಿಯರಾದ ಕಾಕಾ ಒಬ್ಬರು ಫೋನ್ ಹಿಡಿದುಕೊಂಡು ಮನೆಗೆ ಬಂದು, "ಸೂರ್ಯಾ ಬೆಂಕಿ ಉಗುಳ್ಲಿಕತ್ಯಾನಂತ, ಅದಕ್ಕೇ ಇಷ್ಟು ಬಿಸಲೇನೋ ತಮ್ಮಾ?" ಎಂದು ಕೇಳಿದ್ದರು. ರಾತ್ರಿ ಮೊಬೈಲ್ ಬಂದ್ ಮಾಡಿಡಬೇಕೆಂಬ ವಾಟ್ಸಾಪ್ ಸಂದೇಶವೂ ಅವರ ಬಳಿ ಇತ್ತು. ಅವರ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಅದು ಸಲ್ಲದ ಕಡೆಗೆ ತಿರುಗಿತ್ತು.

ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನಮ್ಮೂರಿನ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಆಗ ಆಕಾಶದಲ್ಲಿ ಮೋಡವಿರುವುದಿಲ್ಲ, ಎರೆಭೂಮಿ ತೇವ ಕಳೆದುಕೊಂಡು ಬಿರಿದಿರುತ್ತದೆ. ನಮ್ಮ ಬಿಸಿಲಿಗೆ ಇಷ್ಟೇ ಸಾಕು. ಸೂರ್ಯನ ಚಟುವಟಿಕೆ ಏರಿ ಇಳಿಯುವ ಸುಮಾರು 11 ವರ್ಷಗಳ ಸೌರ ಚಕ್ರದಲ್ಲಿ ಸೂರ್ಯನಿಂದ ಬರುವ ಒಟ್ಟು ಶಕ್ತಿಯ ಏರಿಳಿತ ಶೇಕಡ 0.1ರಷ್ಟು ಮಾತ್ರ.

ಸೌರ ಬಿರುಗಾಳಿ ತಟ್ಟುವುದು ನಮ್ಮ ಮೈಗಲ್ಲ, ನಾವು ಅವಲಂಬಿಸಿರುವ ತಂತಿ ಮತ್ತು ಉಪಗ್ರಹಗಳಿಗೆ. ಸೂರ್ಯನಿಂದ ಸಿಡಿದ ವಿದ್ಯುದಾವಿಷ್ಟ ಕಣಗಳ ಮೋಡವು ತನ್ನೊಳಗೆ ಕಾಂತಕ್ಷೇತ್ರವನ್ನೂ ಹೊತ್ತು ಬಂದು ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸಿದಾಗ, ಉದ್ದನೆಯ ವಿದ್ಯುತ್ ಮಾರ್ಗಗಳಲ್ಲಿ ಬೇಡದ ಪ್ರವಾಹ ಹುಟ್ಟುತ್ತದೆ. 1859ರಲ್ಲಿ ಟೆಲಿಗ್ರಾಫ್ ಉಪಕರಣಗಳು ಕಿಡಿ ಕಾರಿದ್ದು ಹೀಗೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ 60 ಲಕ್ಷ ಜನ ಸುಮಾರು 9 ತಾಸು ಕತ್ತಲಲ್ಲಿ ಕಳೆದದ್ದೂ ಹೀಗೆ. ಧ್ರುವಗಳಿಂದ ದೂರವಿರುವ ನಮಗೆ ಆ ಅಪಾಯ ಕಡಿಮೆ. ಆದರೆ 2024ರ ಬಿರುಗಾಳಿಯಲ್ಲಿ ಸಾಮಾನ್ಯವಾಗಿ ಧ್ರುವಗಳ ಬಳಿ ಕಾಣುವ ಧ್ರುವಪ್ರಭೆಯಿಂದ ಲಡಾಖಿನ ಹಾನ್ಲೆಯ ಆಕಾಶವೂ ಕೆಂಪೇರಿತು, ಮತ್ತು ಬಿತ್ತನೆಯಲ್ಲಿದ್ದ ಅಮೆರಿಕದ ರೈತರ ಟ್ರ್ಯಾಕ್ಟರುಗಳು ಜಿಪಿಎಸ್ ಸಂಕೇತ ಕೆಟ್ಟು ಸಾಲು ತಪ್ಪಿ ನಿಂತವು. ತೊಗರಿ ಹೊಲಗಳಿಗೆ ಜಿಪಿಎಸ್ ನಂಬಿ ಔಷಧಿ ಹೊಡೆಯುವ ಡ್ರೋನ್ ಬಂದಿರುವ ಈ ಕಾಲದಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವೆನಿಸಿದ್ದು ಈ ಸುದ್ದಿಯೇ.

2023ರ ಸೆಪ್ಟೆಂಬರ್ 2ರಂದು ಹೊರಟ ನಮ್ಮ ಇಸ್ರೋದ ನೌಕೆ ಆದಿತ್ಯ-ಎಲ್1 ಈಗ ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿದ್ದು ಸೂರ್ಯನನ್ನು ನೋಡುತ್ತಿದೆ. ಸ್ಫೋಟವಾದದ್ದು ಮೊದಲೇ ಕಾಣುತ್ತದೆ, ಕಣಗಳ ಮೋಡ ನಮ್ಮನ್ನು ಮುಟ್ಟಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಆದರೆ ಅದರ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿದೆಯೇ, ಅಂದರೆ ಪೆಟ್ಟು ಜೋರಾಗಿದೆಯೇ ಎಂಬುದನ್ನು ಅಲ್ಲಿ ಅಳೆದ ಮೇಲೆ ಉಳಿಯುವ ಕಾಲ ಹೆಚ್ಚೆಂದರೆ ಒಂದು ತಾಸು. ಅಷ್ಟರಲ್ಲಿ ಹೊಲದಲ್ಲಿರುವವರಿಗೆ ಸುದ್ದಿ ತಲುಪಬೇಕಾದರೆ, ಸಿಡಿಲಿನ ಮುನ್ಸೂಚನೆಯಂತೆ ಇದೂ ಕನ್ನಡದಲ್ಲಿಯೇ ಮೊಬೈಲಿಗೆ ಬರಬೇಕು. ವಿಜ್ಞಾನ ಬಲ್ಲವರು ಕನ್ನಡದಲ್ಲಿ ಬಿಟ್ಟ ತೆರವನ್ನೇ ಆ ಮೊಬೈಲ್ ಬಂದ್ ಸಂದೇಶ ತುಂಬಿತ್ತು. ಕಾಕಾ ಅವರಿಗೆ ನಾನು ಇದನ್ನೆಲ್ಲ ವಿವರಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ಹಂಗಾದ್ರ ಔಷಧಿ ಹೊಡಿಯೋ ದಿನ ಇದು ಬರ್ತದಂತ ನಮಗ್ಯಾರು ಹೇಳ್ತಾರ?"