ದಿನಕ್ಕೊಂದು ಪದ, ಸಿಕ್ಕವರ ಮೇಲೆ ಪ್ರಯೋಗ

ನನ್ನ ಸ್ನೇಹಿತನೊಬ್ಬ ಇಂಗ್ಲಿಷ್ ಸುಧಾರಿಸಿಕೊಳ್ಳಲು ಹೊರಟಿದ್ದಾನೆ. ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದಾನೆ, ಬೆಳಗ್ಗೆ ಎದ್ದ ಕೂಡಲೇ ಟಿಂಗ್ ಅಂತ ಒಂದು ಪದ ಬರುತ್ತದೆ. ಬಂದದ್ದನ್ನು ಸುಮ್ನೆ ಬಿಡೋ ಹಾಗಿಲ್ಲ, ಅದೇ ದಿನ ಮೂರು ಸಲ ಬಳಸಬೇಕಂತೆ, ಇಲ್ಲದಿದ್ದರೆ ಮರೆತುಹೋಗುತ್ತದಂತೆ. ಹೀಗಾಗಿ ಅವನ ಹತ್ತಿರ ಪದ ರೆಡಿ ಇರುತ್ತದೆ, ಆಡುವ ಸಂದರ್ಭ ಮಾತ್ರ ಇರುವುದಿಲ್ಲ. ಚಪ್ಪಲಿ ಕೊಂಡು ಅದರ ಅಳತೆಯ ಕಾಲು ಹುಡುಕಿದ ಹಾಗೆ.

ಒಂದು ದಿನ 'ಪೆಟ್ರಿಕೋರ್' ಬಂತು. ಒಣನೆಲಕ್ಕೆ ಮಳೆ ಬಿದ್ದಾಗ ಏಳುವ ವಾಸನೆ. 1964ರಲ್ಲಿ ಇಬ್ಬರು ವಿಜ್ಞಾನಿಗಳು ಇಟ್ಟ ಹೆಸರು. ನಾವಾದರೆ ಮಣ್ಣಿನ ವಾಸನೆ ಅಂತ ಮೂಗರಳಿಸಿ ಸುಮ್ಮನಾಗುತ್ತೇವೆ. ಇವನು ಮಳೆಗೆ ಕಾದ. ಆಕಾಶದಲ್ಲಿ ತುಂಡು ಮೋಡವೂ ಇರಲಿಲ್ಲ. ಕೊನೆಗೆ ಹೂಕುಂಡಕ್ಕೆ ಒಂದು ಚೊಂಬು ನೀರು ಸುರಿದು, ಮೊಣಕಾಲೂರಿ ಮೂಸಿ, 'ಆಹಾ, ಪೆಟ್ರಿಕೋರ್!' ಅಂತ ಕುಂಡಕ್ಕೇ ಹೇಳಿ ಲೆಕ್ಕ ಒಪ್ಪಿಸಿದ.

ಮರುದಿನ 'ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್'. ಇಂಗ್ಲಿಷಿನಲ್ಲಿ 29 ಅಕ್ಷರ. ಅರ್ಥ ಏನಪ್ಪಾ ಅಂದರೆ, ಒಂದನ್ನು ಕೆಲಸಕ್ಕೆ ಬಾರದ್ದು ಅಂತ ತಳ್ಳಿಹಾಕುವುದು. 'ಬಿಡಯ್ಯ' ಅಂದೆ. ಮೂರೇ ಅಕ್ಷರದಲ್ಲಿ ಆಯ್ತಲ್ವಾ?

ತಮಾಷೆ ಇರುವುದು ಇನ್ನೊಂದು ಕಡೆ. ಅಮೆರಿಕದ ಕಾಲೇಜು ಸೇರಲು ಬರೆಯುವ ಎಸ್‌ಎಟಿ ಪರೀಕ್ಷೆಗೆ ಅಂತ ಎಷ್ಟೋ ಹುಡುಗರು ಇಂಥ ಪದಗಳನ್ನು ವರ್ಷಗಟ್ಟಲೆ ಉರು ಹೊಡೆದರು. 2016ರಲ್ಲಿ ಆ ಪರೀಕ್ಷೆಯೇ ರೂಪ ಬದಲಿಸಿ, ಅಪರೂಪದ ಪದ ಕೇಳುವ ಪ್ರಶ್ನೆಗಳನ್ನು ಕೈಬಿಟ್ಟಿತು. ಅದಕ್ಕೂ ಹತ್ತು ವರ್ಷ ಮೊದಲೇ, ಸುಮ್ನೆ ದೊಡ್ಡ ಪದ ತುರುಕಿ ಬರೆದರೆ ಓದುವವರಿಗೆ ಬರೆದವನು ದಡ್ಡನಂತೆ ಕಾಣುತ್ತಾನೆ ಅಂತ ಪ್ರಬಂಧ ಬರೆದು ತೋರಿಸಿದ ಮನಶ್ಶಾಸ್ತ್ರಜ್ಞ ಡೇನಿಯಲ್ ಒಪೆನ್‌ಹೈಮರ್‌ಗೆ ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನ ಸಿಕ್ಕಿತ್ತು. ಆ ಪ್ರಬಂಧದ ಶೀರ್ಷಿಕೆಯನ್ನು ಅವರು ಬೇಕಂತಲೇ ಬಾಯಿಗೆ ಬಾರದ ಹಾಗೆ ಇಟ್ಟಿದ್ದರು.

ಇದನ್ನು ಹೇಳಿದರೆ ಸ್ನೇಹಿತ ನಕ್ಕುಬಿಟ್ಟ. ಇಷ್ಟೆಲ್ಲಾ ಕಲಿತವನು 'ಪುಟ್ ಆಫ್' (ಮುಂದೂಡು), 'ಪುಟ್ ಅಪ್ ವಿತ್' (ಸಹಿಸಿಕೋ) ಎದುರಾದರೆ ಮಾತ್ರ ತಡವರಿಸುತ್ತಾನೆ. ಚಿಕ್ಕ ಪದ, ಅದಕ್ಕೆಲ್ಲಾ ಟಿಂಗ್ ಬರಲ್ಲ.

ಮೊನ್ನೆ ಬಂದದ್ದು 'ಡಿಫೆನೆಸ್ಟ್ರೇಶನ್'. ಮನುಷ್ಯರನ್ನು ಕಿಟಕಿಯಿಂದ ಆಚೆ ಎಸೆಯುವುದು. 1618ರಲ್ಲಿ ಯುರೋಪಿನ ಪ್ರಾಗ್ ಕೋಟೆಯಲ್ಲಿ ಮೂವರನ್ನು ಹೀಗೇ ಎಸೆದರು, ಮೂವರೂ ಬದುಕಿದರು, ಆದರೆ ಮೂವತ್ತು ವರ್ಷದ ಯುದ್ಧ ಶುರುವಾಯಿತು ಅಂತೆಲ್ಲಾ ಹೇಳುತ್ತಾ ಎರಡು ಸಲ ಆ ಪದ ಬಳಸಿ ಮುಗಿಸಿದ. ಇನ್ನೊಂದು ಸಲ ಬಾಕಿ ಇತ್ತು. ಕತ್ತಲಾಗುತ್ತಾ ಬಂದಿತ್ತು. ಒಮ್ಮೆ ಕಿಟಕಿ ನೋಡಿದ, ಒಮ್ಮೆ ನನ್ನನ್ನು ನೋಡಿದ.

ನಾನು ಕುರ್ಚಿ ಎಳೆದುಕೊಂಡು ಬಾಗಿಲ ಹತ್ತಿರ ಬಂದು ಕೂತೆ.