ಔಷಧಿ ಶುರುವಾದ ದಿನವೇ "ಯಾವಾಗ ನಿಲ್ಲಿಸ್ತೀರಿ?" ಅಂತ ಕೇಳಬೇಡಿ

ಇವತ್ತು ನನಗೆ ತುಂಬಾ ಸಿಟ್ಟು ಬಂದಿದೆ. ಹೇಳಬೇಕಾಗಿದ್ದನ್ನು ಅಲ್ಲೇ ಪೂರ್ತಿ ಹೇಳೋಕೆ ಆಗಲಿಲ್ಲ, ಮಗು ಎದುರಿಗಿತ್ತು. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಂಟರೆಲ್ಲ ಸೇರಿದ್ದೆವು. ಮಾತಿಗೆ ಮಾತು ಬಂದು ಒಬ್ಬ ತಾಯಿ, ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದಿರುವ, ಚಡಪಡಿಕೆ ಮತ್ತು ದುಡುಕಿನ ತೊಂದರೆ) ಇದೆ ಅಂತ ಗೊತ್ತಾಯಿತು, ಔಷಧಿ ಶುರು ಮಾಡಿದ್ದೇವೆ ಅಂದಳು. ಮೂರನೇ ಕ್ಲಾಸಿನ ಹುಡುಗ. ಮೀಥೈಲ್‌ಫೆನಿಡೇಟ್, ಕಡಿಮೆ ಡೋಸ್. ಅವಳು ಬಾಯಿ ಮುಚ್ಚುವುದರೊಳಗೆ ಬಂದ ಮೊದಲ ಪ್ರಶ್ನೆ: "ಯಾವಾಗ ನಿಲ್ಲಿಸ್ತೀಯಾ?" ಹುಡುಗ ಹೇಗಿದ್ದಾನೆ ಅಂತ ಯಾರೂ ಕೇಳಲಿಲ್ಲ. ಔಷಧಿ ಹಿಡಿಸಿದೆಯಾ ಅಂತಲೂ ಕೇಳಲಿಲ್ಲ. ಆಮೇಲೆ ಉಳಿದವು ಸಾಲಾಗಿ ಬಂದವು. ಇಷ್ಟು ಚಿಕ್ಕ ವಯಸ್ಸಿಗೆ ಬೇಕಿತ್ತಾ, ಚಟ ಹತ್ತಲ್ವಾ, ಎಲ್ಲ ಮಕ್ಕಳೂ ತುಂಟರೇ ಅಲ್ವಾ, ಸ್ವಲ್ಪ ಶಿಸ್ತು ಕಲಿಸಿದ್ದರೆ ಸಾಕಿತ್ತು. ಹುಡುಗ ಅಲ್ಲೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಅವನು ಮಾತ್ರೆ ನುಂಗುವುದು ಏನೋ ತಪ್ಪು ಕೆಲಸ ಅನ್ನುವುದನ್ನು ದೊಡ್ಡವರೆಲ್ಲ ಸೇರಿ ಹತ್ತು ನಿಮಿಷದಲ್ಲಿ ಕಲಿಸಿಬಿಟ್ಟರು.

ನಾನೂ ಇದೇ ಔಷಧಿ ತೆಗೆದುಕೊಳ್ಳುವವಳು ಅಂತ ನಿಮ್ಮಲ್ಲಿ ಬಹಳಷ್ಟು ಜನರಿಗೆ ಗೊತ್ತು. ದೊಡ್ಡವಳಾದ ಮೇಲೆ ಗೊತ್ತಾದದ್ದು. ನನಗೂ ಎಲ್ಲರೂ ಮೊದಲು ಕೇಳಿದ್ದು ಇದನ್ನೇ, ಈಗಲೂ ಕೇಳುತ್ತಾರೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರನ್ನು ಹೀಗೆ ಯಾರೂ ಕೇಳಲ್ಲ. ಯಾಕೆ? ಥೈರಾಯ್ಡ್ ಕಾಯಿಲೆ ಅಂತ ಒಪ್ಪಿಕೊಂಡಿದ್ದೇವೆ. ಗಮನ ನಿಲ್ಲದೇ ಇರುವುದನ್ನು ಮಾತ್ರ ಗುಣದ ದೋಷ ಅಂತ ನಂಬಿದ್ದೇವೆ. ಸೋಮಾರಿತನ, ಅಶ್ರದ್ಧೆ, ಹೆತ್ತವರ ಸಡಿಲ. ಗುಣದ ದೋಷಕ್ಕೆ ಮಾತ್ರೆ ತಗೊಳ್ಳುವುದು ಅಡ್ಡದಾರಿ ಅನ್ನಿಸುತ್ತೆ. ಅದಕ್ಕೇ "ಯಾವಾಗ ನಿಲ್ಲಿಸ್ತೀಯಾ" ಅನ್ನುವುದು ಮೊದಲ ಪ್ರಶ್ನೆ ಆಗುತ್ತೆ. ಕಾಳಜಿಯಿಂದ ಕೇಳಿದರು ಅಂತ ಹೇಳಬೇಡಿ. ಕಾಳಜಿ ಇದ್ದವರು ಮೊದಲು ಮಗು ಹೇಗಿದೆ ಅಂತ ಕೇಳುತ್ತಾರೆ.

ತುಂಟತನಕ್ಕೆ ಯಾರೂ ಈ ಔಷಧಿ ಬರೆಯಲ್ಲ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ಅಮೆರಿಕದ ಮನೋವೈದ್ಯರು ಬಳಸುವ ಕೈಪಿಡಿ, 2013ರಲ್ಲಿ ಬಂದ ಡಿಎಸ್‌ಎಂ-5 ಪ್ರಕಾರ ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಲ್ಲೋ, ಚಡಪಡಿಕೆ ಮತ್ತು ದುಡುಕಿಗೆ ಸಂಬಂಧಿಸಿದ ಒಂಬತ್ತರಲ್ಲೋ ಮಕ್ಕಳಲ್ಲಿ ಕನಿಷ್ಠ ಆರು ಇರಬೇಕು. ಆರು ತಿಂಗಳಾದರೂ ಇರಬೇಕು. ಹನ್ನೆರಡು ವರ್ಷದೊಳಗೆ ಕಾಣಿಸಿಕೊಂಡಿರಬೇಕು. ಮನೆಯಲ್ಲೂ ಶಾಲೆಯಲ್ಲೂ, ಅಂದರೆ ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಬದುಕಿಗೆ ಅದರಿಂದ ನಿಜವಾದ ತೊಂದರೆ ಆಗುತ್ತಿರಬೇಕು. ಒಬ್ಬ ತಾಯಿ ಮಾತ್ರೆಯ ತನಕ ಬಂದಿದ್ದಾಳೆ ಅಂದರೆ ಶಾಲೆಯಿಂದ ಎಷ್ಟು ದೂರು ಕೇಳಿರುತ್ತಾಳೆ, ಹೋಂವರ್ಕ್ ಮುಂದೆ ಎಷ್ಟು ಸಂಜೆ ಅತ್ತಿರುತ್ತಾಳೆ, ಸ್ವಲ್ಪ ಯೋಚಿಸಿ.

ಈ ಔಷಧಿ ನಿನ್ನೆ ಮೊನ್ನೆ ಬಂದದ್ದು ಅಂತ ಅಲ್ಲಿ ಒಬ್ಬರು ಹೇಳಿದರು. ಅಲ್ಲ. ಅಮೆರಿಕದ ರೋಡ್ ಐಲೆಂಡ್‌ನ ಮಕ್ಕಳ ಚಿಕಿತ್ಸಾಲಯವೊಂದರಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ 1937ರಲ್ಲೇ ಇದೇ ವರ್ಗದ ಔಷಧಿಯ ಬಗ್ಗೆ ಬರೆದರು. ಮಿದುಳಿನ ಎಕ್ಸ್‌ರೇಗಾಗಿ ಬೆನ್ನುಹುರಿಯ ದ್ರವ ತೆಗೆದ ಮೇಲೆ ಮಕ್ಕಳಿಗೆ ವಿಪರೀತ ತಲೆನೋವು ಬರುತ್ತಿತ್ತು. ಅದು ಹೋಗಲಿ ಅಂತ ಬೆಂಜೆಡ್ರಿನ್, ಅಂದರೆ ಆಂಫೆಟಮಿನ್ ಕೊಟ್ಟರು. ತಲೆನೋವಿಗೆ ಅಷ್ಟೇನೂ ಉಪಯೋಗ ಆಗಲಿಲ್ಲ. ಆದರೆ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ಕೂತು ಲೆಕ್ಕ ಮಾಡತೊಡಗಿದರು. ಆಮೇಲೆ 30 ಮಕ್ಕಳಿಗೆ ಕೊಟ್ಟು ನೋಡಿದಾಗ 14 ಮಕ್ಕಳ ಓದಿನಲ್ಲಿ ದೊಡ್ಡ ಬದಲಾವಣೆ ಕಂಡಿತು. ಆ ಮಕ್ಕಳೇ ಅದನ್ನು ಲೆಕ್ಕದ ಮಾತ್ರೆ ಅಂತ ಕರೆದರಂತೆ. ನನಗೆ ಇದರಲ್ಲಿ ಬಹಳ ಇಷ್ಟವಾಗುವುದು ಇದೇ. ವ್ಯತ್ಯಾಸ ಮಕ್ಕಳಿಗೇ ಗೊತ್ತಾಗಿತ್ತು, ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೀಥೈಲ್‌ಫೆನಿಡೇಟ್ 1944ರಲ್ಲಿ ಸೀಬಾ ಕಂಪನಿಯ ಲಿಯಾಂಡ್ರೊ ಪಾನಿಜ್ಜೋನ್ ತಯಾರಿಸಿದ್ದು. ರಿಟಾಲಿನ್ ಅನ್ನುವ ಅದರ ಮಾರಾಟದ ಹೆಸರು ಅವರ ಹೆಂಡತಿ ರೀಟಾಳಿಂದ ಬಂದದ್ದು. 1950ರ ದಶಕದಿಂದ ಅದು ಬಳಕೆಯಲ್ಲಿದೆ. ಇಷ್ಟು ಹಳೆಯದಾದ, ಇಷ್ಟು ಪರೀಕ್ಷೆಗೆ ಒಳಗಾದ ಔಷಧಿ ಮನೋವೈದ್ಯಕೀಯದಲ್ಲಿ ಜಾಸ್ತಿ ಇಲ್ಲ. 2018ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ 133 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ವಿಶ್ಲೇಷಣೆ ಬಂತು. ಅಲ್ಪಾವಧಿಯ ಚಿಕಿತ್ಸೆಯಲ್ಲಿ ಮಕ್ಕಳಿಗೆ ಮೊದಲ ಆಯ್ಕೆ ಮೀಥೈಲ್‌ಫೆನಿಡೇಟ್, ದೊಡ್ಡವರಿಗೆ ಆಂಫೆಟಮಿನ್ ವರ್ಗದ್ದು ಅಂತ ಅದು ಹೇಳಿತು.

"ಮೊದಲೇ ಕುಣಿಯೋ ಮಗುವಿಗೆ ಇನ್ನೂ ಚುರುಕು ಮಾಡೋ ಔಷಧಿ ಯಾಕೆ?" ಇದು ಒಳ್ಳೆಯ ಪ್ರಶ್ನೆ. ಕೇಳಿದವರ ಮೇಲೆ ನನಗೆ ಬೇಸರ ಇಲ್ಲ. ಹಣೆಯ ಹಿಂದಿರುವ ಮಿದುಳಿನ ಭಾಗ ಏನನ್ನು ಹಿಡಿದುಕೊಳ್ಳಬೇಕು, ಏನನ್ನು ಬಿಡಬೇಕು, ಯಾವಾಗ ತಡೆದುಕೊಳ್ಳಬೇಕು ಅನ್ನುವುದನ್ನು ನೋಡಿಕೊಳ್ಳುತ್ತದೆ. ಆ ಕೆಲಸಕ್ಕೆ ಡೋಪಮೈನ್, ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕಗಳು ಎರಡೂ ಬೇಕು. ನರಕೋಶಗಳು ಬಿಟ್ಟ ಡೋಪಮೈನ್ ತಕ್ಷಣ ವಾಪಸ್ ಒಳಗೆ ಹೋಗದಂತೆ ಮೀಥೈಲ್‌ಫೆನಿಡೇಟ್ ತಡೆಯುತ್ತದೆ. ಆಂಫೆಟಮಿನ್ ತಡೆಯುವುದರ ಜೊತೆಗೆ ಇನ್ನಷ್ಟು ಬಿಡಿಸುತ್ತದೆ. ಚುರುಕಾಗುವುದು ಆ ತಡೆಯುವ ಭಾಗ. ಅದಕ್ಕೆ ಮಗು ಕೂರುತ್ತದೆ. ಎಡಿಎಚ್‌ಡಿ ಇದ್ದವರಿಗೆ ಮಾತ್ರ ಹೀಗಾಗುತ್ತದೆ ಅಂತಲೂ ಅಲ್ಲ. 1978ರಲ್ಲಿ ಜೂಡಿತ್ ರ‍್ಯಾಪೊಪೋರ್ಟ್ ತಂಡ ಏನೂ ತೊಂದರೆ ಇಲ್ಲದ ಹುಡುಗರಿಗೆ ಆಂಫೆಟಮಿನ್ ವರ್ಗದ ಔಷಧಿ ಒಂದು ಡೋಸ್ ಕೊಟ್ಟು ನೋಡಿತು. ಅವರ ಓಡಾಟವೂ ಕಡಿಮೆಯಾಯಿತು, ಗಮನವೂ ಹೆಚ್ಚಾಯಿತು. ಹಾಗಾಗಿ "ಮಾತ್ರೆ ಕೊಟ್ಟು ನೋಡಿ, ಕೆಲಸ ಮಾಡಿದರೆ ಎಡಿಎಚ್‌ಡಿ" ಅನ್ನುವುದು ತಪ್ಪು. ಪರೀಕ್ಷೆಯ ಹಿಂದಿನ ರಾತ್ರಿ ಯಾರದೋ ಮಾತ್ರೆ ಇಸಿದುಕೊಂಡು ನುಂಗುವುದಂತೂ ಇನ್ನೂ ದೊಡ್ಡ ತಪ್ಪು.

ಕೆಲವರು ನಮ್ಮ ಪರವಾಗಿ ಮಾತಾಡುವಾಗ, ಇದು ಕನ್ನಡಕ ಇದ್ದ ಹಾಗೆ ಅನ್ನುತ್ತಾರೆ. ಅವರ ಪ್ರೀತಿ ಅರ್ಥ ಆಗುತ್ತೆ. ಆದರೂ ನನಗೆ ಆ ಹೋಲಿಕೆ ಒಗ್ಗಲ್ಲ. ಕನ್ನಡಕ ಹಾಕಿದರೆ ಹಸಿವು ಸಾಯಲ್ಲ, ನಿದ್ದೆ ತಡವಾಗಲ್ಲ, ಎದೆಬಡಿತ ಏರಲ್ಲ. ಮಾಮೂಲಿ ಮಾತ್ರೆ ನುಂಗಿ ನಾಲ್ಕು ಗಂಟೆ ಆಗುವ ಹೊತ್ತಿಗೆ ಇಳಿದುಬಿಡುತ್ತದೆ, ಇಳಿಯುವಾಗ ಕೆಲವರಿಗೆ ವಿಪರೀತ ಕಿರಿಕಿರಿ. ದಿನವಿಡೀ ಬರುವ ಮಾತ್ರೆ ತೆಗೆದುಕೊಂಡರೆ ಆ ಏರಿಳಿತ ಕಡಿಮೆ, ಆದರೆ ಮಧ್ಯಾಹ್ನ ತಟ್ಟೆಯ ಮುಂದೆ ಕೂತರೆ ತುತ್ತು ಇಳಿಯಲ್ಲ. ಇದೆಲ್ಲ ನನಗೆ ಆಗಿದೆ, ಈಗಲೂ ಕೆಲವು ಆಗುತ್ತೆ. ಮುಚ್ಚಿಡುವುದು ಏನೂ ಇಲ್ಲ. ಹಾಗಿದ್ದೂ ತೆಗೆದುಕೊಳ್ಳುತ್ತೇನೆ.

ಯಾಕೆ ಅಂದರೆ, ಔಷಧಿ ಇದ್ದ ಹೊತ್ತಿನಲ್ಲಿ ಒಂದು ಪುಟ ಓದಿ ಮುಂದಿನ ಪುಟಕ್ಕೆ ಹೋಗುತ್ತೇನೆ. ಎದುರಿಗಿರುವವರು ಮಾತಾಡುವುದನ್ನು ಕೊನೆಯವರೆಗೆ ಕೇಳುತ್ತೇನೆ. ಎದ್ದು ಒಂದು ಕೆಲಸಕ್ಕೆ ಹೋದರೆ ಆ ಕೆಲಸವನ್ನೇ ಮಾಡಿ ಬರುತ್ತೇನೆ. ಇಷ್ಟೇ. ಮಹಾ ಬುದ್ಧಿವಂತಿಕೆ ಏನೂ ಬರಲ್ಲ. ಏನು ಮಾಡಬೇಕು ಅಂತ ಮಾತ್ರೆ ಹೇಳಲ್ಲ, ಮಾಡಲು ಹೊರಟದ್ದನ್ನು ಮಾಡಲು ಬಿಡುತ್ತೆ. ಚಿಕ್ಕವಳಿದ್ದಾಗ ನಾನು ಕುಣಿದಾಡುವ ಮಗು ಆಗಿರಲಿಲ್ಲ. ಸುಮ್ನೆ ಕಿಟಕಿ ನೋಡುತ್ತಾ ಕೂರುತ್ತಿದ್ದೆ. ಯಾರಿಗೂ ತೊಂದರೆ ಕೊಡದ ಇಂಥ ಹುಡುಗಿಯರು ಯಾರ ಕಣ್ಣಿಗೂ ಬೀಳಲ್ಲ. ಬುದ್ಧಿ ಇದೆ, ಮನಸ್ಸಿಲ್ಲ ಅಂತ ಶಾಲೆಯಲ್ಲೂ ಮನೆಯಲ್ಲೂ ಹೇಳಿದರು. ಎಷ್ಟು ಹೇಳಿದರು ಅಂದರೆ ನಾನೂ ನಂಬಿದೆ. ಆ ನಂಬಿಕೆಯನ್ನು ಯಾವ ಮಾತ್ರೆಯೂ ತೆಗೆಯಲ್ಲ. ಇವತ್ತಿಗೂ ಒಂದು ಕೆಲಸ ತಡವಾದರೆ ಮೊದಲು ಕೇಳಿಸುವುದು ಅದೇ ದನಿ. ಅದಕ್ಕೇ ಆ ಹುಡುಗನ ಎದುರಿಗೆ ಅಂಥ ಮಾತು ಬಂದಾಗ ನನಗೆ ಮೈಯೆಲ್ಲ ಉರಿಯಿತು. ಅವನಿಗೆ ಸರಿಯಾದ ವಯಸ್ಸಿನಲ್ಲಿ ಸಹಾಯ ಸಿಕ್ಕಿದೆ. ಅದನ್ನು ಕಿತ್ತುಕೊಳ್ಳಲು ಯಾಕೆ ಇಷ್ಟು ಅವಸರ?

ಚಟದ ವಿಷಯ. ಈ ಔಷಧಿಗಳ ದುರುಪಯೋಗ ಆಗುತ್ತದೆ, ಅದಕ್ಕೇ ಇವು ಕಟ್ಟುನಿಟ್ಟಾದ ನಿಯಂತ್ರಣದಲ್ಲಿವೆ. 1971ರ ವಿಶ್ವಸಂಸ್ಥೆಯ ಒಪ್ಪಂದದಲ್ಲೇ ಇವುಗಳ ಹೆಸರಿದೆ. ಆದರೆ ಚಟ ಹತ್ತುತ್ತಾ ಅನ್ನುವುದು, ಔಷಧಿ ಮಿದುಳಿಗೆ ಎಷ್ಟು ಬೇಗ ಏರುತ್ತದೆ ಅನ್ನುವುದರ ಮೇಲೆ ಬಹಳ ನಿಂತಿದೆ. ಅಮೆರಿಕದ ವಿಜ್ಞಾನಿ ನೋರಾ ವೊಲ್ಕೋ ಅವರ ಮಿದುಳಿನ ಸ್ಕ್ಯಾನ್ ಅಧ್ಯಯನಗಳು ತೋರಿಸಿದ್ದು ಇದನ್ನೇ. ರಕ್ತನಾಳಕ್ಕೆ ಚುಚ್ಚಿದರೆ ನಿಮಿಷಗಳಲ್ಲಿ ಏರುತ್ತದೆ, ಅಮಲು ಬರುತ್ತದೆ. ನುಂಗಿದರೆ ಒಂದು ಗಂಟೆಗೂ ಮೇಲೆ ಹಿಡಿಯುತ್ತದೆ, ಸರಿಯಾದ ಡೋಸ್‌ನಲ್ಲಿ ಅಮಲು ಸಾಮಾನ್ಯವಾಗಿ ಇರಲ್ಲ. ಬಾಲ್ಯದಲ್ಲಿ ಚಿಕಿತ್ಸೆ ಪಡೆದವರು ಅದೇ ಕಾರಣಕ್ಕೆ ಮುಂದೆ ವ್ಯಸನಿಗಳಾಗುತ್ತಾರೆ ಅನ್ನುವುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಇನ್ನು ನನ್ನ ಮಟ್ಟಿಗೆ ಹೇಳುವುದಾದರೆ, ನನಗೆ ಇರುವ ಕಷ್ಟ ಮಾತ್ರೆ ತೆಗೆದುಕೊಳ್ಳಲು ಮರೆತುಹೋಗುವುದು.

ಸುಮ್ಮನೆ ಎಲ್ಲರಿಗೂ ಎಡಿಎಚ್‌ಡಿ ಅಂತ ಹಣೆಪಟ್ಟಿ ಹಚ್ಚುತ್ತಿದ್ದಾರೆ ಅನ್ನುವವರ ಮಾತಲ್ಲಿ ಒಂದು ಪಾಲು ನಿಜ ಇದೆ. ಒಂದೇ ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕ ವಯಸ್ಸಿನ ಮಕ್ಕಳಿಗೆ ಈ ಹೆಸರು ಬೀಳುವುದು ಜಾಸ್ತಿ ಅಂತ ಹಲವು ದೇಶಗಳಲ್ಲಿ ಕಂಡಿದೆ. ಅಂದರೆ ಕೆಲವು ಕಡೆ ಎಳೆಯತನವನ್ನೇ ಕಾಯಿಲೆ ಅಂದುಕೊಂಡಿದ್ದಾರೆ. ಇದು ಗಂಭೀರವಾದ ದೂರು. ಅದಕ್ಕೆ ಉತ್ತರ ಇನ್ನೂ ಎಚ್ಚರದಿಂದ ಪರೀಕ್ಷೆ ಮಾಡುವುದು. ಸರಿಯಾಗಿ ಪರೀಕ್ಷೆ ಆದ ಮಗುವಿನ ಔಷಧಿ ನಿಲ್ಲಿಸುವುದು ಹೇಗೆ ಉತ್ತರ ಆಗುತ್ತೆ? ಯಾರಿಗೋ ಬೇಡದಿದ್ದರೂ ಕೊಟ್ಟರು ಅಂತ ಬೇಕಾದವನಿಂದ ಕಸಿದುಕೊಂಡರೆ ಇಬ್ಬರಿಗೂ ನ್ಯಾಯ ಸಿಗಲ್ಲ.

ದೂರದ ಪರಿಣಾಮದ ಬಗ್ಗೆಯೂ ಹೇಳುತ್ತೇನೆ. 1999ರಲ್ಲಿ, ಬೇರೆ ಬೇರೆ ಚಿಕಿತ್ಸೆ ಪಡೆದ ಮಕ್ಕಳ ಗುಂಪುಗಳನ್ನು ಹೋಲಿಸಿದ ಅಮೆರಿಕದ ಎಂಟಿಎ ಅಧ್ಯಯನದ ಫಲಿತಾಂಶ ಬಂತು. 579 ಮಕ್ಕಳು, 14 ತಿಂಗಳು. ಮುಖ್ಯ ಲಕ್ಷಣಗಳ ಮಟ್ಟಿಗೆ ಎಚ್ಚರದಿಂದ ಕೊಟ್ಟ ಔಷಧಿ, ಬರೀ ವರ್ತನೆಯ ಚಿಕಿತ್ಸೆಗಿಂತ ಚೆನ್ನಾಗಿ ಕೆಲಸ ಮಾಡಿತು. ಮೂರು ವರ್ಷಕ್ಕೆ ಗುಂಪುಗಳ ನಡುವಿನ ವ್ಯತ್ಯಾಸ ಅಳಿಸಿಹೋಯಿತು. "ನೋಡಿ, ಕೊನೆಗೆ ಏನೂ ಉಪಯೋಗ ಇಲ್ಲ" ಅಂತ ಇದನ್ನೇ ಎತ್ತಿ ತೋರಿಸುತ್ತಾರೆ. ಆದರೆ 14 ತಿಂಗಳ ಮೇಲೆ ಯಾವ ಗುಂಪೂ ಮೊದಲಿನ ಹಾಗೆ ಉಳಿದಿರಲಿಲ್ಲ, ಕೆಲವರು ಬಿಟ್ಟರು, ಕೆಲವರು ಹೊಸದಾಗಿ ಶುರು ಮಾಡಿದರು. ಅದೇ ಅಧ್ಯಯನದ ಇನ್ನೊಂದು ವಿಷಯವನ್ನು ಯಾರೂ ಹೇಳಲ್ಲ. ಹೊರಗೆ ತಮ್ಮ ಪಾಡಿಗೆ ಚಿಕಿತ್ಸೆ ಪಡೆದ ಗುಂಪಿನಲ್ಲೂ ಮೂರರಲ್ಲಿ ಎರಡು ಪಾಲು ಮಕ್ಕಳು ಔಷಧಿ ತೆಗೆದುಕೊಂಡಿದ್ದರು. ಆದರೂ ಅವರ ಸುಧಾರಣೆ ಕಡಿಮೆ. ಡೋಸ್ ಕಡಿಮೆ ಇತ್ತು, ವೈದ್ಯರ ಭೇಟಿ ಅಪರೂಪ. ಅಧ್ಯಯನದ ಗುಂಪಿಗೆ ತಿಂಗಳು ತಿಂಗಳೂ ಭೇಟಿ, ನೋಡಿಕೊಂಡು ಡೋಸ್ ಬದಲಾವಣೆ. ಮಾತ್ರೆ ಬರೆದು ಕಳಿಸಿಬಿಟ್ಟರೆ ಸಾಲದು, ಹಿಂಬಾಲಿಸಬೇಕು.

ಬೆಲೆಯೂ ಇದೆ. ಬಹಳ ವರ್ಷ ಬಿಡದೆ ತೆಗೆದುಕೊಂಡ ಮಕ್ಕಳು ಕೆಲವು ಸೆಂಟಿಮೀಟರ್ ಗಿಡ್ಡ ಉಳಿಯಬಹುದು. ದೀರ್ಘಕಾಲ ತೆಗೆದುಕೊಂಡವರಲ್ಲಿ ರಕ್ತದೊತ್ತಡ ಮತ್ತು ರಕ್ತನಾಳದ ಕಾಯಿಲೆ ಸ್ವಲ್ಪ ಹೆಚ್ಚು ಕಂಡಿದೆ ಅಂತ ಸ್ವೀಡನ್‌ನ ಅಧ್ಯಯನ ಹೇಳಿದೆ. ಆದರೆ ತಗೊಳ್ಳದೇ ಇರುವುದಕ್ಕೂ ಬೆಲೆ ಇದೆಯಲ್ಲ, ಅದನ್ನು ಯಾಕೆ ಲೆಕ್ಕ ಹಾಕಲ್ಲ? ಅದೇ ಸ್ವೀಡನ್‌ನಲ್ಲಿ 25,000ಕ್ಕೂ ಹೆಚ್ಚು ಜನರ ದಾಖಲೆ ನೋಡಿ 2012ರಲ್ಲಿ ಒಂದು ಅಧ್ಯಯನ ಬಂತು. ಔಷಧಿ ಇಲ್ಲದ ಅವಧಿಗೆ ಹೋಲಿಸಿದರೆ, ಔಷಧಿಯ ಮೇಲಿದ್ದ ಅವಧಿಯಲ್ಲಿ ಅಪರಾಧದ ಪ್ರಮಾಣ ಗಂಡಸರಲ್ಲಿ ಶೇ 32, ಹೆಂಗಸರಲ್ಲಿ ಶೇ 41ರಷ್ಟು ಕಡಿಮೆ. ಔಷಧಿ ಶುರು ಮಾಡಿದವರಲ್ಲಿ ಸಾವಿನ ಪ್ರಮಾಣವೂ ಕಡಿಮೆ ಕಂಡಿದೆ ಅಂತ 2024ರಲ್ಲಿ ಇನ್ನೊಂದು ಬಂತು. ಇಂಥ ದಾಖಲೆಗಳು ಕಾರಣವನ್ನು ಪೂರ್ತಿ ಸಾಬೀತು ಮಾಡಲ್ಲ, ಒಪ್ಪುತ್ತೇನೆ. ಆದರೆ "ಸುಮ್ನೆ ಒಂದು ಅಭ್ಯಾಸ, ಬಿಟ್ಟರೆ ಏನೂ ಆಗಲ್ಲ" ಅನ್ನುವವರು ಇದನ್ನು ಒಮ್ಮೆ ನೋಡಬೇಕು.

ನಿಲ್ಲಿಸುವ ಮಾತೇ ಆಡಬಾರದು ಅಂತ ನಾನು ಹೇಳುತ್ತಿಲ್ಲ. ವೈದ್ಯರಿಗೆ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ 2018ರ ಸೂಚನೆ ವರ್ಷಕ್ಕೊಮ್ಮೆಯಾದರೂ ಔಷಧಿ ಇನ್ನೂ ಬೇಕಾ ಅಂತ ನೋಡಿ, ಬೇಕಾದರೆ ಸ್ವಲ್ಪ ಕಾಲ ನಿಲ್ಲಿಸಿ ನೋಡಿ ಅನ್ನುತ್ತದೆ. ಹತ್ತು ವರ್ಷದೊಳಗಿನ ಮಕ್ಕಳ ತೂಕ ಮೂರು ತಿಂಗಳಿಗೊಮ್ಮೆ, ಎತ್ತರ ಆರು ತಿಂಗಳಿಗೊಮ್ಮೆ, ಡೋಸ್ ಬದಲಿಸಿದಾಗಲೆಲ್ಲ ಎದೆಬಡಿತ ಮತ್ತು ರಕ್ತದೊತ್ತಡ ನೋಡಿ ಅನ್ನುತ್ತದೆ. ಐದು ವರ್ಷದೊಳಗಿನವರಿಗೆ ಮೊದಲು ಹೆತ್ತವರಿಗೆ ತರಬೇತಿ, ಔಷಧಿ ಅಲ್ಲ. ನಿಲ್ಲಿಸಬೇಕಾ ಅನ್ನುವುದು ಇಷ್ಟೆಲ್ಲ ಅಳೆದು, ಮಗುವನ್ನೂ ಕೇಳಿ ವೈದ್ಯರ ಎದುರು ಆಗುವ ತೀರ್ಮಾನ.

ನಿಮಗೆ ಕೇಳಲೇಬೇಕು ಅನ್ನಿಸಿದರೆ ಊಟ ಸೇರುತ್ತಾ ಅಂತ ಕೇಳಿ. ರಾತ್ರಿ ಎಷ್ಟು ಹೊತ್ತಿಗೆ ನಿದ್ದೆ ಬರುತ್ತೆ, ಸಂಜೆ ಮಾತ್ರೆ ಇಳಿದಾಗ ಹೇಗಿರ್ತಾನೆ, ಶಾಲೆಯಲ್ಲಿ ಗೆಳೆಯರು ಸಿಕ್ಕಿದ್ದಾರಾ ಅಂತ ಕೇಳಿ. ಇವತ್ತು ಅಷ್ಟು ಜನರಲ್ಲಿ ಒಬ್ಬರು ಇದರಲ್ಲಿ ಒಂದನ್ನು ಕೇಳಿದ್ದರೂ ನಾನು ಇದನ್ನು ಬರೆಯುತ್ತಿರಲಿಲ್ಲ.

ನನ್ನ ಬಗ್ಗೆ ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ನನ್ನ ರಕ್ತದೊತ್ತಡ ಈಗ ಗಡಿಯಲ್ಲಿದೆ. ಮುಂದಿನ ಭೇಟಿಯಲ್ಲಿ ಹೆಚ್ಚಿದ್ದರೆ ಡೋಸ್ ಇಳಿಸುತ್ತೇವೆ. ಇಳಿಸಿಯೂ ಸರಿಹೋಗದಿದ್ದರೆ ಉತ್ತೇಜಕ ವರ್ಗಕ್ಕೆ (ಮೀಥೈಲ್‌ಫೆನಿಡೇಟ್, ಆಂಫೆಟಮಿನ್ ಸೇರಿರುವ ವರ್ಗ) ಸೇರದ ಬೇರೆ ಔಷಧಿಯ ಬಗ್ಗೆ ಮಾತಾಡುತ್ತೇವೆ. ಸರಿಯಿದ್ದರೆ ಇದನ್ನೇ ಮುಂದುವರಿಸುತ್ತೇನೆ, ಎಷ್ಟು ವರ್ಷ ಬೇಕೋ ಅಷ್ಟು ವರ್ಷ.